ನಮ್ಮೂರ ಮಕ್ಕಳೂ ರೋಬೋಟ್ ಸಂಶೋಧಕರಾಗಬಹುದು

ಕೇಳುಗರಿಗೆ ನಮಸ್ಕಾರ.

2024ರ ಜೂನ್ 23. ಚಳ್ಳಕೆರೆ ಬಳಿಯ ಪರೀಕ್ಷಾ ವಲಯದ ಮೇಲೆ, ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ, ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಒಂದು ಪುಟ್ಟ ವಿಮಾನವನ್ನು ಕೈಬಿಟ್ಟಿತು. ಅದು ಇಸ್ರೋದ ಪುಷ್ಪಕ್. ಒಳಗೆ ಪೈಲಟ್ ಇಲ್ಲ. ಬೇಕಂತಲೇ ರನ್‌ವೇ ನೇರಕ್ಕೆ ಬಿಡದೆ 500 ಮೀಟರ್ ಪಕ್ಕಕ್ಕೆ ಬಿಟ್ಟಿದ್ದರು. ಗಾಳಿಯೂ ಜೋರಾಗಿತ್ತು. ಆದರೂ ಪುಷ್ಪಕ್ ತಾನೇ ದಾರಿ ಸರಿಮಾಡಿಕೊಂಡು, ಗಂಟೆಗೆ 320 ಕಿಲೋಮೀಟರ್‌ಗೂ ಜಾಸ್ತಿ ವೇಗದಲ್ಲಿ ಬಂದು, ರನ್‌ವೇಯ ನಡುಗೆರೆ ಹಿಡಿದು ಇಳಿಯಿತು.

ಇದು ನಡೆದದ್ದು ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ!

ಪೈಲಟ್ ಇಲ್ಲದೆ ತಾನೇ ಹಾರುವ ಇಂಥ ಯಂತ್ರವೂ ಒಂದು ರೋಬೋಟೇ. ನಾನೀಗ ಎಲ್ಲಿದ್ದೇನೆ? ನೆಲ ಎಷ್ಟು ಕೆಳಗಿದೆ? ಗಾಳಿ ಎತ್ತ ತಳ್ಳುತ್ತಿದೆ? ಯಂತ್ರ ಇದನ್ನೆಲ್ಲ ಕ್ಷಣಕ್ಷಣವೂ ಲೆಕ್ಕ ಹಾಕುತ್ತಿರಬೇಕು. ರಾಡಾರ್ ಹೇಳುವ ಎತ್ತರ ಒಂದಾದರೆ, ಉಪಗ್ರಹದ ಸಂಕೇತ ಹೇಳುವುದು ಸ್ವಲ್ಪ ಬೇರೆ ಇರಬಹುದು. ಯಾವುದನ್ನು ಎಷ್ಟು ನಂಬಬೇಕು? ರೋಬೋಟಿಕ್ಸ್ ಸಂಶೋಧನೆಯ ದೊಡ್ಡ ಪಾಲು ಈ ಪ್ರಶ್ನೆಯ ಸುತ್ತಲೇ ಇದೆ.

ಕೃತಕ ಬುದ್ಧಿಮತ್ತೆಗೆ, ಅಂದರೆ ಎಐಗಾದರೆ, ದಾವಣಗೆರೆ ಸುತ್ತಲಿನ ಮೆಕ್ಕೆಜೋಳದ ಹೊಲಗಳಲ್ಲೇ ಬೇಕಾದಷ್ಟು ಕೆಲಸವಿದೆ. 2018ರಲ್ಲಿ ಫಾಲ್ ಸೈನಿಕ ಹುಳು ನಮ್ಮ ರಾಜ್ಯದಲ್ಲಿ ಕಾಣಿಸಿಕೊಂಡಿತು. ಎಲೆ ಮೇಲೆ ಸಾಲಾಗಿ ತೂತು, ಸುಳಿಯೊಳಗೆ ಮರದ ಹೊಟ್ಟಿನಂಥ ಹಿಕ್ಕೆ. ರೈತರಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಕಂಪ್ಯೂಟರ್‌ಗೆ ಕಲಿಸಬೇಕು. ಸಾವಿರಾರು ಫೋಟೋ ತೆಗೆದು, ಇದು ಹುಳು ತಿಂದದ್ದು, ಇದು ಆಲಿಕಲ್ಲಿಗೆ ಹರಿದದ್ದು ಅಂತ ಒಂದೊಂದಕ್ಕೂ ಗುರುತು ಹಾಕಬೇಕು. ಬಿಸಿಲಲ್ಲಿ ತೆಗೆದ ಫೋಟೋಗಳಿಂದ ಕಲಿತದ್ದು ಮೋಡ ಕವಿದ ದಿನ ತಪ್ಪು ಹೇಳಬಹುದು. ಯಾಕೆ ತಪ್ಪಿತು ಅಂತ ಹುಡುಕುವುದೇ ಸಂಶೋಧಕರ ದಿನನಿತ್ಯದ ಕೆಲಸ. ಹೊಲ ನೋಡಿ ಬೆಳೆದ ಮಕ್ಕಳು ಇಲ್ಲಿ ಯಾರಿಗೂ ಕಡಿಮೆಯಿಲ್ಲ. ಒಂದು ಕೈ ಮುಂದೆಯೇ ಇರುತ್ತಾರೆ ಅಂತ ನಾನು ನಂಬಿದ್ದೇನೆ.

ದಾರಿ ಹೇಗೆ? ಯುಬಿಡಿಟಿ, ಬಿಐಇಟಿ ಎಂಜಿನಿಯರಿಂಗ್ ಕಾಲೇಜುಗಳು ದಾವಣಗೆರೆಯಲ್ಲೇ ಇವೆ. ಬಿ.ಇ. ಮುಗಿಸಿ, ಎಂ.ಟೆಕ್. ಪ್ರವೇಶಕ್ಕಿರುವ ಗೇಟ್ ಪರೀಕ್ಷೆಯಲ್ಲಿ ಒಳ್ಳೆ ಅಂಕ ತೆಗೆದರೆ ಐಐಎಸ್‌ಸಿ, ಐಐಟಿಗಳಲ್ಲಿ ಎಂ.ಟೆಕ್. ಮಾಡಬಹುದು, ಆಮೇಲೆ ಪಿಎಚ್.ಡಿ. ಎಐ ಮತ್ತು ರೋಬೋಟಿಕ್ಸ್‌ಗೇ ಮೀಸಲಾದ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಕೇಂದ್ರವೊಂದು 1986ರಿಂದ ಬೆಂಗಳೂರಿನಲ್ಲಿದೆ. ಐಐಟಿ, ಐಐಎಸ್‌ಸಿ ಮೇಷ್ಟ್ರುಗಳ ಎನ್‌ಪಿಟಿಇಎಲ್ ಆನ್‌ಲೈನ್ ಪಾಠಗಳನ್ನು ಮನೆಯಲ್ಲೇ ಉಚಿತವಾಗಿ ನೋಡಬಹುದು. ಮೂರೇ ತಿಂಗಳಲ್ಲಿ ಎಐ ತಜ್ಞರಾಗಿ ಅನ್ನುವ ಜಾಹೀರಾತು ನಂಬಿ ಸುಮ್ನೆ ದುಡ್ಡು ಸುರಿಯಬೇಡಿ.

ಅಪ್ಪ ಅಮ್ಮಂದಿರಿಗೂ ಒಂದು ಮಾತು. ಎಂ.ಟೆಕ್. ಆದಮೇಲೆ ಮತ್ತೆ ಐದು ವರ್ಷ ಓದಾ ಅಂತ ಗಾಬರಿಯಾಗುತ್ತದೆ, ಅದರಲ್ಲೂ ಮಗಳಾದರೆ ಜಾಸ್ತಿ. ಅಲ್ವಾ? ಪಿಎಚ್.ಡಿ. ಮಾಡುವವರಿಗೆ ಕೇಂದ್ರ ಸರ್ಕಾರ ಕೊಡುವ ಜೂನಿಯರ್ ರಿಸರ್ಚ್ ಫೆಲೋಶಿಪ್ 2023ರಿಂದ ತಿಂಗಳಿಗೆ 37,000 ರೂಪಾಯಿ ಆಗಿದೆ. ಅದು ಸಿಕ್ಕರೆ ಮನೆಯಿಂದ ದುಡ್ಡು ಕಳಿಸಬೇಕಾಗಿಲ್ಲ. ದಯವಿಟ್ಟು ಅವಳನ್ನು ತಡೆಯಬೇಡಿ.

ಪಿಯುಸಿ ಓದುತ್ತಿರುವವರೇ, ಮ್ಯಾಟ್ರಿಕ್ಸ್, ವೆಕ್ಟರ್, ಸಂಭವನೀಯತೆ ಈ ಮೂರು ಪಾಠಗಳನ್ನು ಅಂಕಕ್ಕಾಗಿ ಬಾಯಿಪಾಠ ಮಾಡಿ ದಾಟಿಬಿಡಬೇಡಿ. ತಲೆಗೆ ಹತ್ತದಿದ್ದರೆ ಮೇಷ್ಟ್ರನ್ನು ಹಿಡಿದು ಮತ್ತೆ ಮತ್ತೆ ಕೇಳಿ. ಮುಂದಿನ ಓದೆಲ್ಲ ನಿಲ್ಲುವುದು ಇವುಗಳ ಮೇಲೆಯೇ.

ನಮಸ್ಕಾರ.