ಇನ್ನೂರ ಎಂಬತ್ತು ಅಕ್ಷರದಲ್ಲಿ ಇಬ್ಬನಿ

ಕೇಳುಗರಿಗೆ ನಮಸ್ಕಾರ. ರೇಡಿಯೊ ಹಚ್ಚಿಟ್ಟು ದೋಸೆ ಹುಯ್ಯುತ್ತಿರುವ ತಾಯಂದಿರು, ಪಕ್ಕದಲ್ಲಿ ಪುಸ್ತಕ ಹಿಡಿದು ಕೂತ ಮಕ್ಕಳು, ಇವರನ್ನು ಕಣ್ಣೆದುರು ಇಟ್ಟುಕೊಂಡೇ ಮಾತಾಡುತ್ತೇನೆ. ವಿಷಯ ಮೈಕ್ರೋಬ್ಲಾಗ್. ಹೆಸರಿಗೆ ಹೆದರಬೇಡಿ. ಫೋನಿನಲ್ಲಿ ನಾಲ್ಕು ಸಾಲು ಬರೆದು ಊರಿಗೆಲ್ಲ ಕಾಣುವ ಹಾಗೆ ಹಾಕುವುದು, ಅಷ್ಟೆ. ಟ್ವಿಟರ್ ಆಗಿದ್ದು 2023ರಲ್ಲಿ ಎಕ್ಸ್ ಅಂತ ಹೆಸರು ಬದಲಾಯಿಸಿಕೊಂಡಿತಲ್ಲ, ಅದು. ಮಾಸ್ಟೊಡಾನ್, ಥ್ರೆಡ್ಸ್ ಕೂಡ ಅದೇ ಜಾತಿ.

ನಾನು ಹೇಳಬೇಕಾದ್ದು ಒಂದೇ: ಒಂದು ಸಂದೇಶಕ್ಕೆ ಒಂದೇ ಸಂಗತಿ.

2006ರಲ್ಲಿ ಟ್ವಿಟರ್ ಶುರುವಾದಾಗ ಎಸ್ಸೆಮ್ಮೆಸ್ ಮೂಲಕವೂ ಓಡಾಡಬೇಕಿತ್ತು. ಎಸ್ಸೆಮ್ಮೆಸ್‌ಗೆ 160 ಅಕ್ಷರದ ಮಿತಿ. ಬರೆದವರ ಹೆಸರಿಗೆ 20 ತೆಗೆದಿಟ್ಟರು, ಮಾತಿಗೆ 140 ಉಳಿಯಿತು. 2017ರಲ್ಲಿ ಅದು 280 ಆಯಿತು. ಕನ್ನಡದವರಿಗೆ ಇದರಲ್ಲೊಂದು ತಕರಾರಿದೆ. ‘ಸ್ತ್ರೀ’ ನಮಗೆ ಒಂದೇ ಅಕ್ಷರ, ಯಂತ್ರದ ಲೆಕ್ಕದಲ್ಲಿ ಆರು! ಒತ್ತು, ದೀರ್ಘ, ಎಲ್ಲಕ್ಕೂ ಬೇರೆ ಬೇರೆ ಎಣಿಕೆ. ಹಾಗಾಗಿ ನಾವು ಇನ್ನಷ್ಟು ಬಿಗಿಯಾಗಿ ಬರೆಯಬೇಕು. ಒಳ್ಳೆಯದೇ ಆಯಿತು ಅನ್ನುತ್ತೇನೆ ನಾನು.

ನಾನು ಪಿಯುಸಿಗೆ ಭೌತಶಾಸ್ತ್ರ ಹೇಳಿಕೊಡುತ್ತಿದ್ದಾಗಿನ ಮಾತು. ತರಗತಿಯ ಹೆಸರಲ್ಲಿ ಒಂದು ಖಾತೆ ತೆರೆದಿದ್ದೆ. ವಾರಕ್ಕೊಂದು ಪ್ರಶ್ನೆ, ಉತ್ತರ 280 ಅಕ್ಷರ ಮೀರಬಾರದು. ಒಂದು ವಾರ ಬೋರ್ಡಿನ ಮೇಲೆ ಬರೆದೆ: ‘ಇಬ್ಬನಿ ಯಾಕೆ ಬೀಳುತ್ತದೆ?’

ಮೊದಲ ಬೆಂಚಿನ ಹುಡುಗ, ಭಾಷಣ ಸ್ಪರ್ಧೆಯ ಹುಲಿ, ಶುರುಮಾಡಿದ: ‘ಪ್ರಕೃತಿಯ ಮಡಿಲಲ್ಲಿ ಇಬ್ಬನಿಯು ಒಂದು ಅದ್ಭುತ ಕೊಡುಗೆಯಾಗಿದೆ...’ ಸೂರ್ಯೋದಯ ವರ್ಣಿಸುವಷ್ಟರಲ್ಲಿ 280 ಮುಗಿಯಿತು. ಇಬ್ಬನಿ ಬೀಳಲೇ ಇಲ್ಲ.

ಹಿಂದಿನ ಬೆಂಚಿನಲ್ಲಿ ಒಬ್ಬಳಿದ್ದಳು. ವರ್ಷವಿಡೀ ‘ಪ್ರೆಸೆಂಟ್ ಸಾರ್’ ಬಿಟ್ಟು ಬೇರೆ ಮಾತು ಕೇಳಿದ್ದಿಲ್ಲ. ಅವಳು ಬರೆದಳು: ‘ಇಬ್ಬನಿ ಬೀಳೋದೇ ಇಲ್ಲ. ರಾತ್ರಿ ಎಲೆ ತಣ್ಣಗಾಗುತ್ತೆ, ಗಾಳಿಯೊಳಗಿನ ಆವಿ ಅದನ್ನ ಮುಟ್ಟಿ ಹನಿಯಾಗುತ್ತೆ. ಐಸ್ ನೀರಿನ ಲೋಟ ಹೊರಗಡೆ ಬೆವರುತ್ತಲ್ಲ, ಹಾಗೆ.’ ಮೇಷ್ಟ್ರ ಪ್ರಶ್ನೆಯೇ ತಪ್ಪು ಅಂತ ಮೂರು ಸಾಲಿನಲ್ಲಿ ತೋರಿಸಿಬಿಟ್ಟಳು!

ಕಥೆ ಇಲ್ಲಿಗೆ ಮುಗಿಯಲಿಲ್ಲ. ಯಾವುದೋ ಊರಿನ ರೈತರೊಬ್ಬರು ಅದರ ಕೆಳಗೇ ಕೇಳಿದರು: ‘ಹಾಗಾದರೆ ನಮ್ಮ ಹುಣಸೆಮರದ ಬುಡದ ಹುಲ್ಲು ಮಾತ್ರ ಬೆಳಗ್ಗೆ ಒಣಗಿರುತ್ತಲ್ಲ, ಯಾಕಮ್ಮ?’ ನಿಜ ಹೇಳಲಾ, ನಾನು ಸ್ಟಾಫ್ ರೂಮಿಗೆ ಹೋಗಿ ಪುಸ್ತಕ ತಿರುವುತ್ತಾ ಕೂತೆ. ಹುಡುಗಿ ಎರಡು ದಿನ ನಸುಕಿಗೇ ಎದ್ದು ಮನೆ ಹಿಂದಿನ ಹುಲ್ಲು ಮುಟ್ಟಿ ನೋಡಿ ಬಂದಳು. ಮೂರನೇ ದಿನ ಉತ್ತರ ಹಾಕಿದಳು: ‘ಮರ ಚಪ್ಪರದ ಥರ. ಹುಲ್ಲಿನ ಶಾಖ ಆಕಾಶಕ್ಕೆ ಹೋಗೋಕೆ ಬಿಡಲ್ಲ. ಹುಲ್ಲು ತಣ್ಣಗಾಗದಿದ್ರೆ ಹನಿ ಕಟ್ಟಲ್ಲ. ಮೋಡ ಇದ್ದ ರಾತ್ರಿನೂ ಅಷ್ಟೆ.’ ‘ಮೋಡದ ಮಾತು ಖರೆ ಐತಿ’ ಅಂತ ಬರೆದರು ಆ ಯಜಮಾನರು. ನನ್ನ ಇಡೀ ಪಾಠಕ್ಕೆ ಅಂಥ ಸರ್ಟಿಫಿಕೇಟ್ ಯಾರೂ ಕೊಟ್ಟಿರಲಿಲ್ಲ.

ಹುಡುಗಿ ಒಂದೇ ಸಂಗತಿ ಬರೆದಿದ್ದಕ್ಕೇ ಆ ರೈತರಿಗೆ ಒಂದು ಪ್ರಶ್ನೆ ಕೇಳಲು ಜಾಗ ಸಿಕ್ಕಿತು. ಹತ್ತು ಪುಟ ಬರೆದಿದ್ದರೆ ‘ಸೂಪರ್’ ಅಂದು ಹೆಬ್ಬೆರಳು ಒತ್ತಿ ಮುಂದೆ ಹೋಗುತ್ತಿದ್ದರು.

ಕೊಟ್ಟ ಹೊತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಇಬ್ಬನಿಗೇ ಹೋಯಿತು. ಉಳಿದದ್ದು ಬೇಗ ಹೇಳುತ್ತೇನೆ. ಪದದ ಶುರುವಿಗೇ ಅಂಟಿಸುವ ಆ ಜಾಲರಿ ಗುರುತು, ಹ್ಯಾಶ್‌ಟ್ಯಾಗ್, 2007ರಲ್ಲಿ ಕ್ರಿಸ್ ಮೆಸ್ಸಿನಾ ಎಂಬ ಅಮೆರಿಕದ ತಂತ್ರಜ್ಞ ಸೂಚಿಸಿದ್ದು. ಒಂದೇ ವಿಷಯದ ಮಾತುಗಳನ್ನೆಲ್ಲ ಅದು ಒಂದು ದಾರಕ್ಕೆ ಪೋಣಿಸುತ್ತದೆ. 2015ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿದಾಗ ಆ ದಾರ ಹಿಡಿದೇ ಜನ ದೋಣಿ, ಊಟ, ತಂಗಲು ಜಾಗ ಹುಡುಕಿಕೊಂಡರು. ಅಲ್ಲೂ ಅದೇ ಮಾತು. ಯಾವ ಬೀದಿ, ಎಷ್ಟು ಜನ, ಏನು ಬೇಕು, ಇಷ್ಟಿದ್ದರೆ ಸಾಕು. ‘ಮಾನ್ಯರೇ, ಈ ಮೂಲಕ ತಿಳಿಯಪಡಿಸುವುದೇನೆಂದರೆ’ ಅನ್ನುವ ಹೊತ್ತಿಗೆ ನೀರು ಎದೆಮಟ್ಟ ಬಂದಿರುತ್ತದೆ.

ಒಂದು ವಿನಂತಿ. ಬೆಳಗಾದರೆ ಶುಭೋದಯದ ಗುಲಾಬಿ ಹೂ ಕಳಿಸುವವರು ಇವತ್ತು ಅದರ ಬದಲು ನಿಮ್ಮ ಹಿತ್ತಲಲ್ಲಿ ಕಂಡ ಒಂದು ಸಂಗತಿ ಬರೆಯಿರಿ. ಒಂದೇ.

ನಮ್ಮ ಬೆಂಗಳೂರಿನಲ್ಲೇ ಹುಟ್ಟಿ, 2020ರಲ್ಲಿ ಕನ್ನಡದಿಂದಲೇ ಶುರುವಾಗಿ, 2024ರಲ್ಲಿ ಬಾಗಿಲು ಮುಚ್ಚಿದ ‘ಕೂ’ ಎಂಬ ಮೈಕ್ರೋಬ್ಲಾಗ್ ಬಗ್ಗೆಯೂ ಹೇಳಬೇಕಿತ್ತು. ಗಾಜಿನಾಚೆ ಕೂತವರು ಆಗಲೇ ಗಡಿಯಾರ ತೋರಿಸುತ್ತಿದ್ದಾರೆ. ನಮಸ್ಕಾರ.