ಪರದೆಯ ಆಚೆ ಕೂತು ಥೆರಪಿ ಮಾಡುವುದು ಅಂದರೆ

ಎಲ್ಲರಿಗೂ ನಮಸ್ಕಾರ. ಆನ್‌ಲೈನ್ ಥೆರಪಿ, ಅಂದರೆ ವಿಡಿಯೋ ಕರೆಯಲ್ಲಿ ಮಾತಾಡಿ ಮಾಡುವ ಮನೋಚಿಕಿತ್ಸೆ, ಅಂದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ. ಎದುರಿಗೆ ಕೂತು ಮಾತಾಡಿದ ಹಾಗೆ ಆಗುತ್ತದಾ? ಉತ್ತರ ಕೊಡುವ ಮೊದಲು, ಎದುರಿಗೆ ಕೂತಾಗ ನಾನು ಅಸಲಿಗೆ ಏನು ಮಾಡುತ್ತೇನೆ ಅನ್ನುವುದನ್ನು ಹೇಳಿಬಿಡುತ್ತೇನೆ. ಅದರಲ್ಲಿ ಪರದೆಯ ಮೇಲೆ ಎಷ್ಟು ಉಳಿಯುತ್ತದೆ, ಎಷ್ಟು ಸೋರಿಹೋಗುತ್ತದೆ ಅಂತ ಆಮೇಲೆ ನೋಡೋಣ.

ಬರುವವರಲ್ಲಿ ಜಾಸ್ತಿ ಜನ ಸಲಹೆ ಕೇಳಲು ಬರುತ್ತಾರೆ. ಕೆಲಸ ಬಿಡಲಾ, ಈ ಸಂಬಂಧದಲ್ಲಿ ಇರಲಾ, ಅಣ್ಣನ ಹತ್ತಿರ ಮಾತು ಬಿಡಲಾ. ಸಲಹೆ ಕೊಡುವವರು ಅವರ ಸುತ್ತ ಬೇಕಾದಷ್ಟು ಜನ ಇದ್ದಾರೆ, ನಾನೂ ಆ ಗುಂಪಿಗೆ ಸೇರಿದರೆ ಏನು ಬಂತು? ಮೊದಲ ಸೆಷನ್‌ನಲ್ಲಿ ನಾನು ಕೇಳುವುದು ತೀರಾ ಸಾದಾ ವಿಷಯಗಳನ್ನು. ನಿದ್ದೆ ಹೇಗಿದೆ, ಹಸಿವು ಹೇಗಿದೆ, ಯಾವ ಮಾತ್ರೆ ತಗೊಳ್ಳುತ್ತಿದ್ದೀರಿ, ಕುಡಿಯುತ್ತೀರಾ, ಇದೆಲ್ಲ ಶುರುವಾದದ್ದು ಯಾವಾಗ. ಸಾಯುವ ಯೋಚನೆ ಬರುತ್ತದಾ ಅಂತಲೂ ನೇರವಾಗಿಯೇ ಕೇಳುತ್ತೇನೆ. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತೆ ಆಗುತ್ತದೆ ಅಂತ ಹಲವರಿಗೆ ಭಯ. ಹಾಗೇನೂ ಆಗುವುದಿಲ್ಲ. ಎಷ್ಟೋ ಜನ ಉಸಿರು ಬಿಡುತ್ತಾರೆ, ಕೊನೆಗೂ ಯಾರೋ ಕೇಳಿದರಲ್ಲ ಅಂತ. ಹೇಳಿದ್ದು ನನ್ನಲ್ಲೇ ಇರುತ್ತದೆ. ಆದರೆ ಜೀವಕ್ಕೆ ಅಪಾಯ ಇದ್ದರೆ, ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿದ್ದರೆ ಸುಮ್ಮನಿರಲು ಆಗುವುದಿಲ್ಲ. ಇದನ್ನೂ ಮೊದಲ ದಿನವೇ ಹೇಳಿಬಿಡುತ್ತೇನೆ.

ನನ್ನ ರೀತಿ ಇಬ್ಬರಿಂದ ಬಂದದ್ದು. ಒಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್. ಬಂದವರನ್ನು ಷರತ್ತಿಲ್ಲದೆ ಒಪ್ಪಿಕೊಳ್ಳುವುದು, ಅವರ ಜಾಗದಲ್ಲಿ ನಿಂತು ನೋಡುವುದು, ತಾನು ನಾಟಕ ಆಡದೆ ಇರುವುದು, ಮನಸ್ಸು ಬದಲಾಗಲು ಇಂಥ ಕೆಲವೇ ಸಂಗತಿಗಳು ಸಾಕು ಅಂತ ಅವರು 1957ರಲ್ಲಿ ಬರೆದರು. ಸಾಕು ಅಂತ ನನಗೆ ಅನ್ನಿಸುವುದಿಲ್ಲ, ಆದರೆ ಇವು ಇಲ್ಲದೆ ಮುಂದಿನದು ಏನೂ ನಡೆಯುವುದಿಲ್ಲ. ಇನ್ನೊಬ್ಬರು ಅಮೆರಿಕದ ಮನೋವೈದ್ಯ ಆರನ್ ಬೆಕ್. ಈಗ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಯೋಚನೆ ಮತ್ತು ನಡವಳಿಕೆಯ ಮೇಲೆ ಕೆಲಸ ಮಾಡುವ ಥೆರಪಿ) ಅಂತ ಕರೆಯುವ ಪದ್ಧತಿ ಅವರು 1960ರ ದಶಕದಲ್ಲಿ ಶುರು ಮಾಡಿದ ಕೆಲಸದಿಂದ ಬೆಳೆದದ್ದು. ಬಾಸ್ ಮೆಸೇಜಿಗೆ ಉತ್ತರ ಕೊಡಲಿಲ್ಲ, ಮರುಕ್ಷಣವೇ ತಲೆಯೊಳಗೆ "ನನ್ನ ಕೆಲಸ ಹೋಯಿತು" ಅಂತ ಒಂದು ಯೋಚನೆ ಬಂದು ಕೂರುತ್ತದೆ, ಅದು ಯೋಚನೆ ಅಂತ ನಮಗೆ ಅನ್ನಿಸುವುದೇ ಇಲ್ಲ, ನಿಜ ಅಂತಲೇ ಅನ್ನಿಸಿ ಎದೆ ಬಡಿದುಕೊಳ್ಳಲು ಶುರುವಾಗುತ್ತದೆ. ಅದನ್ನು ಹಿಡಿದು ಬರೆಯುವುದು, ಪುರಾವೆ ಏನಿದೆ ಅಂತ ನೋಡುವುದು ಕ್ಲೈಂಟ್ ಮನೆಯಲ್ಲಿ ಮಾಡಬೇಕಾದ ಹೋಂವರ್ಕ್. ವಾರಕ್ಕೆ 50 ನಿಮಿಷ ನಾನಿರುತ್ತೇನೆ, ಉಳಿದ ಹೊತ್ತು ಅವರು ಅವರ ಪಾಡಿಗೆ ಇರಬೇಕಲ್ವಾ?

ಎಡ್ವರ್ಡ್ ಬೋರ್ಡಿನ್ ಅನ್ನುವ ಮನಶ್ಶಾಸ್ತ್ರಜ್ಞರು 1979ರಲ್ಲಿ ಥೆರಪಿಸ್ಟ್ ಮತ್ತು ಕ್ಲೈಂಟ್ ನಡುವಿನ ಸಂಬಂಧವನ್ನು ಮೂರು ಭಾಗ ಮಾಡಿ ಹೇಳಿದರು: ಗುರಿ ಏನು ಅನ್ನುವುದರಲ್ಲಿ ಒಪ್ಪಿಗೆ, ಅದಕ್ಕೆ ಮಾಡಬೇಕಾದ ಕೆಲಸದಲ್ಲಿ ಒಪ್ಪಿಗೆ, ಇಬ್ಬರ ನಡುವಿನ ನಂಟು. ಮೊದಲಿನ ಎರಡಕ್ಕೆ ಪರದೆಯಿಂದ ಏನೂ ಆಗುವುದಿಲ್ಲ. ಅನುಮಾನ ಇರುವುದು ನಂಟಿನ ಬಗ್ಗೆ.

ದೂರದಿಂದ ಥೆರಪಿ ಮಾಡುವುದು ಹೊಸದೂ ಅಲ್ಲ. ಮನೋವಿಶ್ಲೇಷಣೆ ಶುರು ಮಾಡಿದ ಫ್ರಾಯ್ಡ್ 1909ರಲ್ಲಿ ಪ್ರಕಟಿಸಿದ, ಕುದುರೆ ಕಂಡರೆ ಹೆದರುವ ಹುಡುಗನ ಕೇಸ್ ಬಹುಪಾಲು ನಡೆದದ್ದು ಆ ಹುಡುಗನ ಅಪ್ಪನ ಮೂಲಕ, ಪತ್ರಗಳಲ್ಲಿ. ಅಮೆರಿಕದ ನೆಬ್ರಾಸ್ಕಾದ ಮನೋವೈದ್ಯರು 1950ರ ದಶಕದ ಕೊನೆಗೇ ಎರಡೂ ಕಡೆ ಕಾಣುವ ಟಿವಿ ಬಳಸಲು ಶುರು ಮಾಡಿದ್ದರು. ಈಚಿನ ಅಧ್ಯಯನಗಳಂತೂ ಸಾಕಷ್ಟಿವೆ. ಖಿನ್ನತೆ, ಆತಂಕಗಳಿಗೆ ವಿಡಿಯೋದಲ್ಲಿ ಮಾಡಿದ ಸಿಬಿಟಿ ಎದುರಿಗೆ ಮಾಡಿದ್ದಕ್ಕೆ ಹೆಚ್ಚುಕಡಿಮೆ ಸಮ ಅಂತ ಅವುಗಳಲ್ಲಿ ಮತ್ತೆ ಮತ್ತೆ ಕಂಡಿದೆ.

ಹಾಗಂತ ಏನೂ ಕಳೆದುಹೋಗುವುದಿಲ್ಲ ಅಂತ ನಾನು ಹೇಳುವುದಿಲ್ಲ. ಮಾತು ಸಮಾಧಾನದಲ್ಲಿದ್ದರೂ ಮೇಜಿನ ಕೆಳಗೆ ಕಾಲು ಅದುರುತ್ತಿರುತ್ತದೆ, ಅದು ಕ್ಯಾಮೆರಾಗೆ ಕಾಣುವುದಿಲ್ಲ. ಕುಡಿದ ವಾಸನೆ ಬರುವುದಿಲ್ಲ. ಎಲ್ಲಕ್ಕಿಂತ ಕಷ್ಟ ಮೌನ. ಕೋಣೆಯಲ್ಲಿ ಒಬ್ಬರು ಎರಡು ನಿಮಿಷ ಸುಮ್ನೆ ಕೂತರೆ ಅದು ಕೆಲಸ ನಡೆಯುತ್ತಿರುವ ಹೊತ್ತು. ವಿಡಿಯೋದಲ್ಲಿ ಹಾಗೆ ಕೂತರೆ ನೆಟ್ ಹೋಯಿತಾ ಅಂತ ಇಬ್ಬರಿಗೂ ಗಾಬರಿ! ಅದಕ್ಕೇ "ನಾನು ಇಲ್ಲೇ ಇದ್ದೇನೆ, ನಿಧಾನ" ಅಂತ ಬಾಯಿಬಿಟ್ಟು ಹೇಳುವುದನ್ನು ರೂಢಿ ಮಾಡಿಕೊಂಡಿದ್ದೇನೆ. ನಿಮ್ಮ ಮುಖ ನಿಮಗೇ ಕಾಣುವ ಆ ಚಿಕ್ಕ ಚೌಕವನ್ನು ಮುಚ್ಚಿಬಿಡಿ. ಅಳುವಾಗ ತನ್ನ ಮುಖ ತಾನೇ ನೋಡುತ್ತಾ ಯಾರು ತಾನೇ ಬಿಚ್ಚುಮನಸ್ಸಿನಿಂದ ಅಳುತ್ತಾರೆ?

ಈಗ ಲಾಭದ ಮಾತು. ಓಡಾಟದ ಹೊತ್ತು ಉಳಿಯುತ್ತದೆ, ಕಾಯುವ ಕೋಣೆಯಲ್ಲಿ ಗುರುತಿನವರು ಸಿಗುವ ಮುಜುಗರ ಇಲ್ಲ, ಗಾಲಿಕುರ್ಚಿಯಲ್ಲಿ ಇರುವವರಿಗೆ, ಎಳೆ ಮಗುವಿನ ತಾಯಿಗೆ ಅನುಕೂಲ. ಇದೆಲ್ಲ ನಿಮಗೆ ಗೊತ್ತಿರುವುದೇ. ನನಗೆ ದೊಡ್ಡದಾಗಿ ಕಾಣುವ ಲಾಭ ಬೇರೆ. ಕೈ ತೊಳೆಯುವ ಗೀಳು ಇರುವವರನ್ನು ತಗೊಳ್ಳಿ. ಇದಕ್ಕೆ ಮಾಡುವ ಥೆರಪಿಯಲ್ಲಿ, ಹೇಸಿಗೆ ಅನ್ನಿಸುವುದನ್ನು ಮುಟ್ಟಿ, ತೊಳೆಯದೆ, ಆ ತಳಮಳ ತಾನಾಗೇ ಇಳಿಯುವವರೆಗೆ ತಡೆದುಕೊಳ್ಳಬೇಕು. ನನ್ನ ಕ್ಲಿನಿಕ್ಕಿನ ಬಾಗಿಲ ಹಿಡಿಯನ್ನು ಅವರು ಹೇಗೋ ಮುಟ್ಟಿಬಿಡುತ್ತಾರೆ. ಮನೆಗೆ ಹೋದ ಮೇಲೆ ಅಡುಗೆಮನೆಯ ನಲ್ಲಿಯ ಮುಂದೆ ಮತ್ತೆ ಅದೇ ಕಥೆ. ವಿಡಿಯೋದಲ್ಲಿ ನಾನು ಆ ನಲ್ಲಿಯ ಪಕ್ಕಕ್ಕೇ ಬರುತ್ತೇನೆ. ಫೋನನ್ನು ಕಿಟಕಿಯ ಮೇಲಿಟ್ಟು, ಕೈ ತೊಳೆಯದೆ ನಿಂತು, ತಳಮಳ ಹತ್ತರಲ್ಲಿ ಎಂಟಿದ್ದದ್ದು ಆರಾಯಿತು, ನಾಲ್ಕಾಯಿತು ಅಂತ ಅವರು ಅಲ್ಲಿಂದಲೇ ಹೇಳುತ್ತಾರೆ. ತೊಂದರೆ ಇರುವ ಜಾಗದಲ್ಲೇ ಕೆಲಸ ನಡೆಯುತ್ತದೆ. ಮನೆ ಬಿಟ್ಟು ಹೊರಡಲು ಹೆದರುವವರಿಗೆ, ಸಾಮಾನು ಬಿಸಾಡಲು ಆಗದವರಿಗೆ ಕೂಡ ಇದೇ ಮಾತು.

ಆದರೆ ಕೆಲವರ ತೊಂದರೆ ಅದೇ ಮನೆಯಲ್ಲಿ ಪಕ್ಕದ ಕೋಣೆಯಲ್ಲೇ ಇರುತ್ತದೆ. ಹೊಡೆಯುವ ಗಂಡ ಗೋಡೆಯ ಆಚೆ ಇದ್ದರೆ ಹೆಡ್‌ಫೋನ್ ಹಾಕಿಕೊಂಡು ಏನು ಪ್ರಯೋಜನ, ಇವರ ಮಾತು ಹೊರಗೆ ಕೇಳುತ್ತದೆ. ಹಾಗಾಗಿ ಮೊದಲು ಹೌದು, ಇಲ್ಲ ಅನ್ನುವ ಉತ್ತರ ಸಾಕಾಗುವ ಪ್ರಶ್ನೆ ಕೇಳುತ್ತೇನೆ. ಯಾರಾದರೂ ಒಳಗೆ ಬಂದರೆ ಹೇಳಲು ಒಂದು ಮಾಮೂಲಿ ಮಾತನ್ನು ಮೊದಲೇ ಗೊತ್ತು ಮಾಡಿಕೊಳ್ಳುತ್ತೇವೆ. ನಿಲ್ಲಿಸಿದ ಕಾರಿನಲ್ಲಿ ಕೂತು ಮಾತಾಡುವವರು ಇದ್ದಾರೆ, ಪರವಾಗಿಲ್ಲ. ಈ ಕ್ಷಣ ಎಲ್ಲಿದ್ದೀರಿ ಅನ್ನುವುದನ್ನು, ತುರ್ತಿಗೆ ಯಾರಿಗೆ ಫೋನ್ ಮಾಡಲಿ ಅನ್ನುವುದನ್ನು ಪ್ರತಿ ಸೆಷನ್‌ನಲ್ಲೂ ಕೇಳುತ್ತೇನೆ. ವಿಪರೀತ ಆದರೆ ಆಂಬ್ಯುಲೆನ್ಸ್ ಎಲ್ಲಿಗೆ ಕಳಿಸುವುದು? ಪ್ರಾಣಾಪಾಯದ ಅಂಚಿನಲ್ಲಿ ಇರುವವರನ್ನು, ಇಲ್ಲದ ದನಿ ಕೇಳಿಸಿ ತೀರಾ ಕದಡಿಹೋದವರನ್ನು ವಿಡಿಯೋ ಒಂದನ್ನೇ ನಂಬಿ ಇಟ್ಟುಕೊಳ್ಳುವುದಿಲ್ಲ, ಆಸ್ಪತ್ರೆಗೇ ಕಳಿಸುತ್ತೇನೆ.

ಲೈಸೆನ್ಸ್ ಕೇಳಲು ಸಂಕೋಚ ಬೇಡ. ನಂಬರ್ ಕೇಳಿ, ಪರವಾನಗಿ ಕೊಟ್ಟವರ ಪಟ್ಟಿಯಲ್ಲಿ ಹೆಸರು ಇದೆಯಾ ನೋಡಿ. ಕೆಲವು ಕಡೆ, ಉದಾಹರಣೆಗೆ ಅಮೆರಿಕದಲ್ಲಿ, ಕ್ಲೈಂಟ್ ಕೂತಿರುವ ರಾಜ್ಯದಲ್ಲೂ ಅನುಮತಿ ಇರಬೇಕು. ಆ್ಯಪ್ ಮೂಲಕ ಹೋಗುವುದಾದರೆ ನಿಮ್ಮ ಮಾಹಿತಿ ಎಲ್ಲಿಗೆ ಹೋಗುತ್ತದೆ ಅಂತಲೂ ಕೇಳಿ. ಗ್ರಾಹಕರ ಆರೋಗ್ಯದ ಮಾಹಿತಿಯನ್ನು ಜಾಹೀರಾತಿಗೆ ಹಂಚಿದ್ದಕ್ಕಾಗಿ 2023ರಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಒಂದು ದೊಡ್ಡ ಆನ್‌ಲೈನ್ ಥೆರಪಿ ಕಂಪನಿಯಿಂದ 78 ಲಕ್ಷ ಡಾಲರ್ ಕಟ್ಟಿಸಿತು. ಉತ್ತರ ಕೊಡಲು ತಡವರಿಸುವವರ ಹತ್ತಿರ ನಾನಾದರೆ ಹೋಗುವುದಿಲ್ಲ.

ನಾಲ್ಕೈದು ಸೆಷನ್ ಆದರೂ ಏನೂ ಬದಲಾಗಿಲ್ಲ ಅನ್ನಿಸಿದರೆ ಏನು ಮಾಡುವುದು ಅಂತ ಯಾರೋ ಚೀಟಿ ಕಳಿಸಿದ್ದಾರೆ. ಅದನ್ನು ನಿಮ್ಮ ಥೆರಪಿಸ್ಟ್‌ಗೇ ಹೇಳಿ, ಮುಖಕ್ಕೇ ಹೇಳಿ. ಬೇಜಾರು ಮಾಡಿಕೊಂಡರೆ ಬೇರೆಯವರನ್ನು ನೋಡಿಕೊಳ್ಳಿ. ಮುಂದಿನ ಪ್ರಶ್ನೆ?