1.1 ಡಿಗ್ರಿ ತಿರುಗಿಸಿದರೆ

ಇವತ್ತು ಎರಡು ಇಂಗಾಲದ ಪದರಗಳನ್ನ 1.1 ಡಿಗ್ರಿ ಓರೆಯಾಗಿ ಜೋಡಿಸೋಣ. ಚೆನ್ನಾಗಿ ತಣಿಸಿದರೆ ರೋಧವೇ ಇಲ್ಲದೆ ಕರೆಂಟ್ ಹರಿಸೋ ಜೋಡಿ ಇದು. ಸ್ಕ್ರೀನ್ ತುಂಬ ನೇರಳೆ ಬಣ್ಣ ಕಾಣ್ತಿದೆಯಲ್ಲ, ಅದು ಸಿಲಿಕಾನ್ ಚಿಪ್. ಬಲಗಡೆ ನೋಡಿ, ಒಂದು ಕಡೆ ಆ ನೇರಳೆ ಒಂಚೂರು ಗಾಢವಾಗಿದೆ. ಅದೇ ಗ್ರಾಫೀನ್, ಒಂದೇ ಒಂದು ಪರಮಾಣು ದಪ್ಪದ ಇಂಗಾಲದ ಪದರ. ಗ್ರಾಫೈಟ್‌ಗೆ ಟೇಪ್ ಅಂಟಿಸಿ, ಕಿತ್ತು, ಚಿಪ್ ಮೇಲೆ ಒತ್ತಿದ್ದು. ಒಳ್ಳೇ ಚೂರು ಸಿಗೋವರೆಗೂ ಮೈಕ್ರೋಸ್ಕೋಪ್ ಬಿಟ್ಟು ಏಳೋ ಹಾಗಿಲ್ಲ. ಈ ಹುಡುಕಾಟ ನನಗೆ ತುಂಬಾ ಇಷ್ಟ.

ಈಗ ಕಣ್ಣಿಟ್ಟು ನೋಡಿ. ಮೇಲಿಂದ ಇಳೀತಿರೋ ಗಾಜಿನ ಪಟ್ಟಿಯಲ್ಲಿ ಬೋರಾನ್ ನೈಟ್ರೈಡ್‌ನ ತೆಳು ಹರಳಿದೆ. ಅದು ಗ್ರಾಫೀನ್‌ನ ಅರ್ಧಕ್ಕೆ ಮಾತ್ರ ಅಂಟಿಕೊಳ್ಳುತ್ತೆ. ಎತ್ತಿದ ಕೂಡಲೇ... ಹರಿದು ಎರಡಾಯ್ತು! ಇನ್ನು ಚಿಪ್ ಇಟ್ಟಿರೋ ಕೆಳಗಿನ ಸ್ಟೇಜನ್ನ 1.1 ಡಿಗ್ರಿಗಿಂತ ಚೂರು ಜಾಸ್ತಿ ತಿರುಗಿಸಿ, ಎತ್ತಿದ ಅರ್ಧವನ್ನ ಉಳಿದ ಅರ್ಧದ ಮೇಲೆ ಇಳಿಸಬೇಕು. ಎರಡೂ ಒಂದೇ ಹರಳಿನವು, ಅದಕ್ಕೇ ಕೋನ ಇಷ್ಟು ಕರಾರುವಾಕ್ಕಾಗಿ ಸಿಗುತ್ತೆ. ಜಾಸ್ತಿ ಯಾಕೆ ಅಂದ್ರೆ, ಪದರಗಳು ಜಾರಿ ಕೋನ ಕಮ್ಮಿ ಆಗೋದುಂಟು.

ಎರಡು ಸೊಳ್ಳೆಪರದೆ ಒಂದರ ಮೇಲೊಂದು ಓರೆಯಾಗಿ ಬಿದ್ದಾಗ ದೊಡ್ಡ ಅಲೆಯಂಥ ಚಿತ್ತಾರ ಮೂಡುತ್ತಲ್ಲ, ಇಲ್ಲೂ ಹಾಗೇ ಮೂಡುತ್ತೆ, ಸುಮಾರು 13 ನ್ಯಾನೋಮೀಟರಿಗೊಂದರಂತೆ. ಅದರೊಳಗೆ ಎಲೆಕ್ಟ್ರಾನ್‌ಗಳ ಓಟ ತೀರಾ ನಿಧಾನ ಆಗುತ್ತೆ. ಓಡೋ ವೇಗ ತಗ್ಗಿದಾಗ ಅವು ಒಂದನ್ನೊಂದು ತಳ್ಳೋದೇ ಮುಖ್ಯ ಆಗಿಬಿಡುತ್ತೆ. ಹೀಗಾಗೋ ಈ ಕೋನವನ್ನ 2011ರಲ್ಲೇ ಟೆಕ್ಸಾಸ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳಾದ ಬಿಸ್ಟ್ರಿಟ್ಜರ್ ಮತ್ತು ಮ್ಯಾಕ್‌ಡೊನಾಲ್ಡ್ ಲೆಕ್ಕ ಹಾಕಿ ಹೇಳಿದ್ದರು. 2018ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪಾಬ್ಲೊ ಹರಿಯೊ-ಎರೆರೊ ತಂಡ ಮಾಡಿ ತೋರಿಸಿತು: ಸುಮಾರು 1.7 ಕೆಲ್ವಿನ್‌ಗೆ ತಣಿಸಿದಾಗ ವಿದ್ಯುತ್ ರೋಧ ಸೊನ್ನೆ. ಬರೀ ಇಂಗಾಲ, ಸೂಪರ್‌ಕಂಡಕ್ಟರ್!

1.7 ಕೆಲ್ವಿನ್ ಅಂದ್ರೆ ಮೈನಸ್ 271 ಡಿಗ್ರಿಗಿಂತಲೂ ತಣ್ಣಗೆ. ಇದರಿಂದ ಕರೆಂಟ್ ತಂತಿ ಮಾಡೋ ಮಾತಿಲ್ಲ. ನನಗೆ ದೊಡ್ಡದು ಅನ್ನಿಸೋದೇ ಬೇರೆ. ತಾಮ್ರದ ಆಕ್ಸೈಡ್ ಸೂಪರ್‌ಕಂಡಕ್ಟರ್‌ಗಳಲ್ಲಿ ಎಲೆಕ್ಟ್ರಾನ್ ಸಂಖ್ಯೆ ಬದಲಿಸೋಕೆ ಸಾಮಾನ್ಯವಾಗಿ ರಾಸಾಯನಿಕ ಬದಲಿಸಿ ಹೊಸ ಹರಳನ್ನೇ ಬೆಳೆಸಬೇಕು. ಇಲ್ಲಿ ಗೇಟ್ ವೋಲ್ಟೇಜ್, ಅಂದ್ರೆ ಪದರಗಳ ಹತ್ತಿರದ ಎಲೆಕ್ಟ್ರೋಡ್‌ಗೆ ಕೊಡೋ ವೋಲ್ಟೇಜ್, ಬದಲಿಸಿದ್ರೆ ಸಾಕು. ಒಂದು ವೋಲ್ಟೇಜಿಗೆ ಕರೆಂಟೇ ಹರಿಯದ ಇನ್ಸುಲೇಟರ್, ಸ್ವಲ್ಪ ಬದಲಿಸಿ, ಅದೇ ಚೂರು ಸೂಪರ್‌ಕಂಡಕ್ಟರ್. ಸೂಪರ್‌ಕಂಡಕ್ಟರ್ ಆಗೋಕೆ ಎಲೆಕ್ಟ್ರಾನ್‌ಗಳು ಜೋಡಿ ಆಗಬೇಕು. ಒಂದನ್ನೊಂದು ತಳ್ಳೋ ಎಲೆಕ್ಟ್ರಾನ್‌ಗಳು ಇಲ್ಲಿ ಜೋಡಿ ಆಗೋದು ಯಾವುದರ ಬಲದಿಂದ, ಹರಳಿನ ಕಂಪನದಿಂದಲಾ, ಬೇರೆ ಕಾರಣದಿಂದಲಾ? ಈ ವಾದ ಇನ್ನೂ ಮುಗಿದಿಲ್ಲ. ಒಂದೇ ಚೂರಲ್ಲಿ ಎಲ್ಲವನ್ನೂ ಅಳೆಯೋಕೆ ಆಗೋದರಿಂದ ಉತ್ತರ ಇಲ್ಲಿಂದಲೇ ಸಿಗಬಹುದು ಅಂತ ನಾನು ನಂಬಿದ್ದೀನಿ.

ಮುಂದಿನ ವಿಡಿಯೋದಲ್ಲಿ ಇದಕ್ಕೆ ಕರೆಂಟ್ ಹಾಯಿಸೋ ಚಿನ್ನದ ಕಾಂಟ್ಯಾಕ್ಟ್ ಕೂರಿಸೋಣ.